ಬಣ್ಣದ ಕಿಟಕಿಗೊಂದು ಸಜ್ಜಾ

ಕೂಡ್ಲಿಗಿ ಕಡೆಯ ನಮ್ಮೂರಿನ ಚರ್ಚು ಬ್ರಿಟಿಷರ ಕಾಲದ್ದು, ಚಿಕ್ಕದು. ಪೀಠದ ಹಿಂದಿನ ಮೂಡಣ ಗೋಡೆಯಲ್ಲಿ ಬಣ್ಣದ ಗಾಜಿನ ಕಿಟಕಿ. ಅದರಲ್ಲಿ ಕುರಿಮರಿ ಎತ್ತಿಕೊಂಡ, ಕೆಂಪು ನಿಲುವಂಗಿಯ ಕುರುಬ. ಬೆಳಗಿನ ಆರಾಧನೆಯ ಹೊತ್ತಿಗೆ ಆ ಕೆಂಪು ಹೆಂಗಸರ ಚಾಪೆಯ ಮೇಲೆ ಬೀಳುತ್ತಿತ್ತು. ಅಪ್ಪನ ತಾಯಿ, ನಮ್ಮಜ್ಜಿ, ಅಲ್ಲೇ ಕೂತು ಅಂಗೈ ಚಾಚುತ್ತಿದ್ದಳು. ಕಣ್ಣು ಮಂಜಾಗಿ ನಮ್ಮ ಮುಖಗಳೂ ಕಾಣುತ್ತಿರಲಿಲ್ಲ. ಆ ಕೆಂಪೊಂದು ಕಾಣುತ್ತಿತ್ತು. ಭಾನುವಾರಕ್ಕೆ ಅವಳು ಕಾಯುತ್ತಿದ್ದುದು ಅದಕ್ಕೇ ಎಂದರೆ ದೇವರು ಬೇಸರ ಮಾಡಿಕೊಳ್ಳಲಾರ.

ತೊಂಬತ್ತರ ದಶಕದಲ್ಲಿ ಜನ ಹೆಚ್ಚಾದರು. ಮೂಡಣ ಗೋಡೆ ಕೆಡವಿ ಚರ್ಚನ್ನು ಉದ್ದ ಮಾಡುವುದೆಂದು ತೀರ್ಮಾನವಾಯಿತು. ಸಭೆಯ ಹಿರಿಯನಾಗಿದ್ದ ಅಪ್ಪ, ಗಾಜಿಗೆ ಏನೂ ಆಗದಂತೆ ನೋಡಿಕೊಳ್ಳುತ್ತೇನೆಂದು ಎಲ್ಲರೆದುರು ಮಾತು ಕೊಟ್ಟ. ಆದರೂ ಆ ಗೋಡೆಯನ್ನೇ ಕೆಡವುತ್ತಾರೆಂದು ನನಗೆ ಮೈ ಉರಿಯಿತು. ಕೆಡವಲು ಬೇರೆ ಗೋಡೆ ಇರಲಿಲ್ಲವೇ? ಕೊಟ್ಟೂರಿನ ಮೇಸ್ತ್ರಿ ಚೌಕಟ್ಟು ಸಡಿಲಿಸುವಾಗ ಕೆಳಗೆ ನಮ್ಮ ಮನೆಯ ಕೌದಿಗಳನ್ನೆಲ್ಲ ಹಾಸಿದ್ದೆವು. ಹೊಸ ಗೋಡೆ ಏಳುವವರೆಗೆ ಕಿಟಕಿ ನಮ್ಮ ಮಂಚದ ಕೆಳಗಿತ್ತು. ಯಾರಾದರೂ ಹೊರಳಿದರೆ ಅಪ್ಪ ಎದ್ದು ಕೂರುತ್ತಿದ್ದ.

ಹೊಸ ಗೋಡೆಗೆ ಅದು ಇಡಿಯಾಗಿ ಕೂತಿತು. ಮೊದಲ ಭಾನುವಾರ ಅಜ್ಜಿಯನ್ನು ಮುಂದೆ ಕೂರಿಸಿದೆವು. ಅಂಗೈ ಚಾಚಿದಳು. ಏನೂ ಬೀಳಲಿಲ್ಲ.

"ಹೊತ್ತು ಇನ್ನಾ ಏರಿಲ್ಲೇನು?" ಅಂದಳು.

ನಾನು ಹೊರಗೋಡಿದೆ. ಬಿಸಿಲು ಚುರುಗುಟ್ಟುತ್ತಿತ್ತು. ಮೇಸ್ತ್ರಿ ಕಿಟಕಿಯ ಮೇಲೆ ಅಗಲವಾದ ಕಾಂಕ್ರೀಟ್ ಸಜ್ಜಾ ಹಾಕಿದ್ದ, ಅದರ ನೆರಳು ಗಾಜನ್ನೆಲ್ಲ ಮುಚ್ಚಿತ್ತು. ಅವನನ್ನು ಬೈದು ಏನು ಬಂತು? ನಮ್ಮ ಕಡೆಯ ಬಿಸಿಲಿಗೆ ಸಜ್ಜಾ ಇಲ್ಲದ ಕಿಟಕಿಯನ್ನು ಯಾರೂ ಇಡಿಸುವುದಿಲ್ಲ. ಹಾಕಲೇ ಎಂದು ಅವನು ಕೇಳಲಿಲ್ಲ, ಬೆಳಕು ತಡೆಯುತ್ತದೆಂದು ನಿಂತು ನೋಡಿದ ಅಪ್ಪನಿಗೂ ಹೊಳೆಯಲಿಲ್ಲ.

ಒಳಗೆ ಬಂದರೆ ಅಪ್ಪ ಅಜ್ಜಿಯ ಕಿವಿಯಲ್ಲಿ ಪಿಸುಗುಡುತ್ತಿದ್ದ, "ಮೋಡ ಐತಿ ಬೇ."

ಮನೆಗೆ ನಡೆಯುವಾಗ ಬೆನ್ನಿಗೆ ಬಿಸಿಲು ತಾಗುತ್ತಿತ್ತು. ಅಜ್ಜಿ ನನ್ನ ಕೈ ಹಿಡಿದು, "ಉಳಿದಿದ್ದೂ ಹೋತು ಯವ್ವ. ಇನ್ನ ಪೂರಾ ಕತ್ತಲಿ," ಅಂದಳು. ಮೋಡವಿಲ್ಲವೆಂದು ಬಿಸಿಲಿನಿಂದಲೇ ಗೊತ್ತಾಗಿ, ಕಣ್ಣೇ ಪೂರ್ತಿ ಹೋಯಿತೆಂದು ತಿಳಿದಿದ್ದಳು. ಸಜ್ಜಾದ ಸಂಗತಿ ಹೇಳಿದೆ.

"ನನ್ನ ಸಮಾಧಾನಕ್ಕ ಹೇಳ್ತಿ."

ಹಿಂದೆ ಬರುತ್ತಿದ್ದ ಅಪ್ಪ ಅಲ್ಲೇ ನಿಂತುಬಿಟ್ಟ.

ಮರುದಿನ ಮೇಸ್ತ್ರಿಯನ್ನು ಕರೆಸಿ, "ಸಜ್ಜಾ ಒಡೀರಿ," ಅಂದ.

"ಚೌಕಟ್ಟು ಸಿಮೆಂಟಿನಾಗ ಕಚ್ಚೈತಿ, ಮತ್ತ ತೆಗಿಯಾಕ ಬರಂಗಿಲ್ಲ. ಗೋಡಿ ಅದರ್ತೈತ್ರಿ. ಗಾಜು ಉಳೀತೈತಿ ಅಂತ ನಾ ಹೇಳಂಗಿಲ್ಲ."

"ಒಡೀರಿ."

ನಾನು ಒಳಗಿನಿಂದ ಏಣಿ ಹತ್ತಿ, ಗಾಜಿಗೆ ಕೌದಿ ಒತ್ತಿ ಹಿಡಿದೆ. ಪ್ರತಿ ಏಟೂ ನನ್ನ ಮೊಣಕೈವರೆಗೆ ಬರುತ್ತಿತ್ತು. ಇನ್ನೇನು ಮುಗಿಯಿತು ಅನ್ನುವಾಗ ಕೌದಿಯ ಅಡಿಯಲ್ಲಿ ಚಟ್ ಎಂದು ಸದ್ದಾಯಿತು. ಕುರುಬನ ಹಣೆಯಿಂದ ಗದ್ದದವರೆಗೆ ಬಿರುಕು. ಅಪ್ಪ ಅದನ್ನು ನೋಡಿ ಹೊರಗೆ ಹೋದ. ಸಭೆಯವರಿಗೆ ಏನು ಉತ್ತರ ಕೊಡುತ್ತಾನೋ ಎಂದು ನನಗೆ ವಾರವಿಡೀ ಹೆದರಿಕೆ.

ಭಾನುವಾರ ಬಿರುಕು ಕಂಡವರು ಗೊಣಗತೊಡಗಿದರು. ಅಪ್ಪ ತಲೆ ತಗ್ಗಿಸಿ ಕೂತಿದ್ದ. ಪ್ರಾರ್ಥನೆಯ ನಡುವೆಯೇ ಅಜ್ಜಿ, "ಬಂತು ನೋಡು," ಅಂದಳು, ಎಲ್ಲರಿಗೂ ಕೇಳುವಂತೆ. ಗೊಣಗುತ್ತಿದ್ದವರು ಅವಳ ಕೆಂಪಾದ ಅಂಗೈ ನೋಡಿ ಸುಮ್ಮನಾದರು. ಬಿರುಕು ಅವಳಿಗೆ ಕಾಣಲೇ ಇಲ್ಲ. ಅವಳಿರುವವರೆಗೂ ಯಾರೂ ಹೇಳಲಿಲ್ಲ.