ನಲವತ್ತನಾಲ್ಕನೆಯ ಗಾಜು

ಕೋದಂಡರಾಮಪ್ಪನವರ ಸುದ್ದಿ ನನ್ನ ಕಿವಿಗೆ ಬಿದ್ದದ್ದು ನಾನು ದೇವರಾಯಸಮುದ್ರಕ್ಕೆ ಸೊಸೆಯಾಗಿ ಬಂದ ಮೂರನೆಯ ದಿನ. ಮೂವತ್ತನಾಲ್ಕನೆಯ ಇಸವಿ. ರಾಗಿ ಬೀಸುತ್ತಿದ್ದ ನಮ್ಮತ್ತೆ ದೊಡ್ಡಗಂಗಮ್ಮ ಕಲ್ಲು ನಿಲ್ಲಿಸಿ ಹೇಳಿದರು: “ಕೆರೆ ಬೀದೀಲಿ ಒಬ್ಬ ಡಾಕ್ಟ್ರು ಅವ್ನೆ ಕಣೇ. ಔಸ್ತಿ ಕೊಡಲ್ಲ, ರಕ್ತ ಈಸ್ಕೊತಾನೆ. ಆ ಕಡೆ ಹೋಗ್ಬೇಡ.”

ಮುಂದಿನ ವಾರ ಅವರೇ ನನ್ನನ್ನು ಆ ಮನೆಯ ಕೆಲಸಕ್ಕೆ ಸೇರಿಸಿದರು. ಗಾಜು ತೊಳೆಯುವವರು ಬೇಕಾಗಿತ್ತಂತೆ.

ಡಾಕ್ಟರು ಕೋಲಾರದ ಕೆಲಸ ಬಿಟ್ಟು ಹುಟ್ಟೂರಿಗೆ ಬಂದವರು. ಕುತ್ತಿಗೆಯಲ್ಲಿ, ಕಂಕುಳಲ್ಲಿ ಗಂಟೆದ್ದು, ಬಿಳಿಚಿಕೊಂಡು ಸಾಯುವವರ ರಕ್ತ ಕೆಟ್ಟಿರುತ್ತದೆ. ಆ ಕೆಡುಕು ಗಂಟು ಬರುವ ಮೊದಲೇ ಕಾಣುತ್ತದೆಯೇ ಎಂದು ತಿಳಿಯಬೇಕು, ಅದೊಂದೇ ಅವರ ಹಟ. ಆ ರೋಗಕ್ಕೆ ಆಗ ಔಷಧವೇ ಇರಲಿಲ್ಲ. ಮುಳಬಾಗಿಲು, ಶ್ರೀನಿವಾಸಪುರ ಎಂದು ಸೈಕಲ್ಲಿನಲ್ಲಿ ಸುತ್ತಿ, ರೋಗಿಗಳ ಬೆರಳು ಚುಚ್ಚಿ, ಒಂದು ಹನಿಯನ್ನು ಗಾಜಿನ ಚೂರಿಗೆ ಸವರಿ ತರುತ್ತಿದ್ದರು. ಅದಕ್ಕೆ ಊದಾ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುವುದು. ಗಾಜಿನ ಮೇಲೆ ರೋಗಿಯ ನಂಬರು ಬರೆಯಲೆಂದು ನನಗೆ ಅಂಕಿ ಕಲಿಸಿದರು.

ರೋಗಿಯ ಗಾಜಿನ ಪಕ್ಕ ಹೋಲಿಸಿ ನೋಡಲು ಆರೋಗ್ಯವಂತರ ಗಾಜೊಂದು ಬೇಕು. ಊರಿನಲ್ಲಿ ಗಟ್ಟಿಯಾಗಿದ್ದವರು ಯಾರೂ ಬೆರಳು ಕೊಡಲಿಲ್ಲ. ಹಾಗಾಗಿ ಡಾಕ್ಟರು ತಿಂಗಳಿಗೊಮ್ಮೆ ತಮ್ಮ ಬೆರಳನ್ನೇ ಚುಚ್ಚಿಕೊಳ್ಳುವರು. ಹಿಂದಿನ ತಿಂಗಳ ತಮ್ಮ ಗಾಜನ್ನು ನನ್ನ ಕೈಗೆ ಕೊಟ್ಟು “ಇದನ್ನ ತೊಳ್ದಿಡು ಬಚ್ಚಮ್ಮ” ಎನ್ನುವರು.

ರೋಗಿಗಳು ಸತ್ತರು. ಪಿತೃಪಕ್ಷ ಬಂತು. ಒಂದನೆಯ ನಂಬರಿನವರ ಮಗ ಆವಲಪ್ಪ ಅಪ್ಪನ ಎಡೆಗೆಂದು ಬಾಳೆ ಎಲೆ, ವಡೆ, ಪಾಯಸ ಹೊತ್ತು ಡಾಕ್ಟರ ಮನೆಗೇ ಬಂದ. “ನಮ್ ನಾಯ್ನಂದು ಫೋಟೋ ಇಲ್ಲ ಡಾಕ್ಟ್ರೇ. ಹೂತಿದ್ದು ಮಣ್ಣಾಯ್ತು. ಉಳ್ದಿರೋದು ನಿಮ್ಮತ್ರ ಇರೋ ಒಂದ್ ಹನೀನೇ. ಎಡೆ ಇನ್ನೆಲ್ಲಿ ಇಡ್ಲಿ?”

ಡಾಕ್ಟರು ಒಂದನೆಯ ಗಾಜನ್ನು ತಂದು ಎಲೆಯ ಮುಂದಿಟ್ಟರು. ವರ್ಷದಿಂದ ವರ್ಷಕ್ಕೆ ಎಲೆಗಳು ಹೆಚ್ಚಿ ಕಡೆಗೆ ನಲವತ್ತಮೂರಾದವು. ಒಂಬತ್ತನೆಯ ನಂಬರಿನವರು ಮಾಂಸ ಮುಟ್ಟದವರು, ಹತ್ತನೆಯವರಿಗೆ ಕೋಳಿಸಾರೇ ಆಗಬೇಕು. ಜಗಳ ಬಿಡಿಸಲು ಗಾಜುಗಳನ್ನು ಎರಡು ಪೆಟ್ಟಿಗೆ ಮಾಡಿದೆವು. ಎಲ್ಲ ಎಲೆಯಿಂದಲೂ ಒಂದೊಂದು ತುತ್ತು ಡಾಕ್ಟರು ತಿನ್ನಲೇಬೇಕು. ಆಮೇಲೆ ಎರಡು ದಿನ ಅವರು ಯಾವ ಗಾಜನ್ನೂ ನೋಡುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ.

ನಲವತ್ತೈದನೆಯ ಇಸವಿಯಲ್ಲಿ ಅವರಿಗೆ ಒಂದು ಸಂತೋಷ ಶುರುವಾಯಿತು. “ನೋಡು ಬಚ್ಚಮ್ಮ, ಹೊಸ ರೋಗಿಗಳ ರಕ್ತಕ್ಕೂ ನನ್ನ ರಕ್ತಕ್ಕೂ ವ್ಯತ್ಯಾಸಾನೇ ಇಲ್ಲ. ರೋಗ ಇಳೀತಾ ಇದೆ.” ಜನ ಮಾತ್ರ ಸಾಯುವುದನ್ನು ಬಿಡಲಿಲ್ಲ.

ಮರುವರ್ಷದ ಪಿತೃಪಕ್ಷದಲ್ಲಿ ಆವಲಪ್ಪ ತನ್ನ ಅಪ್ಪನನ್ನು ನೋಡಲೇಬೇಕೆಂದು ಪಟ್ಟು ಹಿಡಿದ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, “ಇದ್ಯಾಕೆ ಊದಾ ಐತೆ?” ಎಂದ.

“ಬಣ್ಣ ಹಾಕಿದೀನಪ್ಪ.”

“ಸತ್ತೋರ್ಗೆ ಯಾರಾನಾ ಬಣ್ಣ ಹಾಕ್ತಾರಾ? ಇದು ನಮ್ ನಾಯ್ನ ಅಲ್ಲ. ನನ್ ರಕ್ತ ಪಕ್ಕದಲ್ಲಿಟ್ಟು ತೋರ್ಸಿ. ಅಪ್ಪ ಮಗಂದು ಒಂದೇ ತರ ಇಲ್ದಿದ್ರೆ ಪೆಟ್ಗೇನೇ ಕೆರೆಗಾಕ್ತೀನಿ.”

ಹನ್ನೆರಡು ವರ್ಷಗಳಲ್ಲಿ ಮೊದಲ ಸಲ ಗಟ್ಟಿಯಾದ ಆಳೊಬ್ಬ ಬೆರಳು ಚಾಚಿದ್ದ. ಡಾಕ್ಟರು ಅವನ ಗಾಜು ನೋಡಿದರು. ಅವನಪ್ಪನದು ನೋಡಿದರು. ಆಮೇಲೆ ತಮ್ಮದು. ಮತ್ತೆ ಅವನದು. ಹಾಗೇ ಬಹಳ ಹೊತ್ತು.

“ನಮ್ ನಾಯ್ನ ತಾನೆ?”

“ನಿಮ್ ನಾಯ್ನನೇ ಕಣಪ್ಪ. ನಿನ್ ರಕ್ತ ಚೆನ್ನಾಗಿದೆ, ಅವರದು ಕೆಟ್ಟಿತ್ತು. ಅದಕ್ಕೇ ಬೇರೆ ತರ ಕಾಣ್ತದೆ. ನಂದು ಅವರ ತರಾನೇ ಕೆಟ್ಟಿದೆ.”

ಆವಲಪ್ಪ ಎಲೆಯನ್ನು ಅವರ ಮುಂದಕ್ಕೆ ಸರಿಸಿದ. “ಹಂಗಾದ್ರೆ ಮೊದ್ಲು ಊಟ ಮಾಡಿ ಡಾಕ್ಟ್ರೇ. ಪಾಯಸ ಆರೋಯ್ತು.”

ಎಲ್ಲರೂ ಹೋದ ಮೇಲೆ ಡಾಕ್ಟರು ಕತ್ತು ತಡವಿಕೊಂಡರು. ಗಂಟು ಇನ್ನೂ ಇರಲಿಲ್ಲ. ಅವರು ಹುಡುಕುತ್ತಿದ್ದದ್ದು ಇದೇ ಅಲ್ಲವೇ? ಸಡಗರದಿಂದ ಕೇಳಿದರು: “ನನ್ನ ಹಳೇ ಗಾಜೆಲ್ಲಾ ತಗೊಂಬಾರಮ್ಮ. ಯಾವ ತಿಂಗಳಿಂದ ಕೆಡ್ತು ಅಂತ ನೋಡ್ಬೇಕು.”

“ನೀವೇ ತಾನೆ ಸ್ವಾಮಿ ಹೇಳಿದ್ದು? ತಿಂಗ್ಳು ತಿಂಗ್ಳೂ ತೊಳ್ದಿಟ್ಟಿದೀನಿ.”

ನಾನು ಬೂದಿ ಹಾಕಿ ಉಜ್ಜಿದ ಗಾಜುಗಳು ಗೂಡಿನಲ್ಲಿ ಪಳಪಳ ಹೊಳೆಯುತ್ತಿದ್ದವು. ಅವನ್ನು ನೋಡಿ ಅವರು ನಗಲು ಶುರುಮಾಡಿದರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಾನು ಅತ್ತುಬಿಟ್ಟೆ.

ನಲವತ್ತೇಳರ ಬೇಸಿಗೆಯಲ್ಲಿ ಗಂಟು ಎದ್ದಿತು, ಮಳೆಗಾಲಕ್ಕೆ ಅವರು ಹಾಸಿಗೆ ಹಿಡಿದರು. ಕಡೆಯ ದಿನ ಬೆರಳು ಮುಂದೆ ಚಾಚಿದರು. ನಾನೇ ಚುಚ್ಚಿ, ಹನಿಯನ್ನು ಗಾಜಿಗೆ ಸವರಿದೆ. ಅವರ ಗಾಜಿಗೆ ಯಾವತ್ತೂ ನಂಬರು ಇರಲಿಲ್ಲ.

“ನಲವತ್ನಾಲ್ಕು ಅಂತ ಬರಿ ಬಚ್ಚಮ್ಮ,” ಎಂದರು. “ಇದನ್ನ ತೊಳೀಬೇಡ.”