ಒಗೆಯುವ ಕೋಣೆಯ ಅಪ್ಪಣೆ

ಮೊನ್ನೆ ಈ ಚಳಿದೇಶದ ಉಪ್ಸಾಲಾ ಊರಿನಲ್ಲಿ ನಮ್ಮ ಕಟ್ಟಡದ ನೆಲಮಾಳಿಗೆಗೆ ಇಳಿದಾಗ ಬಟ್ಟೆ ಒಗೆಯುವ ಕೋಣೆಯಿಂದ ಬಿಸಿ ಸೋಪಿನ ವಾಸನೆ ಬಂದು ಲಿನ್ ನೆನಪಾದಳು. ಈ ಕೋಣೆಯ ಕಾನೂನನ್ನು ನಿಮಗೆ ಹೇಳಲೇಬೇಕು. ಗೋಡೆಯ ಹಲಗೆಯಲ್ಲಿ ನಮ್ಮ ಮನೆ ನಂಬರಿನ ಪುಟ್ಟ ಬೀಗ ಸಿಕ್ಕಿಸಿದರೆ ಆ ಹೊತ್ತು ನಮ್ಮದು. ಅರ್ಧ ಗಂಟೆಯೊಳಗೆ ಮೆಷಿನ್ ಶುರುಮಾಡದಿದ್ದರೆ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಇದಕ್ಕೆ ಅಪೀಲಿಲ್ಲ.

ಆರೇಳು ವರ್ಷದ ಹಿಂದೆ, ನನ್ನ ಪಿಎಚ್‌ಡಿ ಮುಗಿದು ಇಲ್ಲಿ ಉಳಿಯುವ ಪರ್ಮಿಟ್ಟಿಗೆ ಹದಿನೈದೇ ದಿನ ಉಳಿದಿತ್ತು. ಸೋಮವಾರ ಬೆಳಿಗ್ಗೆ ಇಂಟರ್‌ವ್ಯೂ. ಕೆಲಸ ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ಇದ್ದೊಂದು ಬಿಳಿ ಶರ್ಟಿನ ಮೇಲೆ ಸಾರಿನ ಕಲೆ. ಭಾನುವಾರ ನಾಲ್ಕೂವರೆಗೆ ನನ್ನ ಸರದಿ. ಮೈಸೂರಿನಿಂದ ಅಮ್ಮ ಫೋನಿನಲ್ಲಿ, "ನಾಲ್ಕೂವರೆಯಿಂದ ಆರು ರಾಹುಕಾಲ ಕಣೋ, ಆ ಶರ್ಟು ಆಮೇಲೆ ಒಗಿ" ಅಂದರು. ನವೆಂಬರಿನಲ್ಲಿ ಇಲ್ಲಿ ಸೂರ್ಯ ನಾಲ್ಕಕ್ಕೂ ಮೊದಲೇ ಮುಳುಗಿರುತ್ತಾನೆ. ಇಲ್ಲದ ಸೂರ್ಯನನ್ನು ರಾಹು ನುಂಗುವುದು ಹೇಗೆ ಎಂದು ಡಾಕ್ಟರೇಟ್ ಪಡೆದ ತಲೆಗೆ ಹೊಳೆಯಲಿಲ್ಲ. ವಿಧೇಯನಾಗಿ ಟೀ ಕುಡಿಯುತ್ತ ಕುಳಿತೆ.

ಆರಕ್ಕೆ ಇಳಿದರೆ, ಪಕ್ಕದ ಮನೆಯ ಲಿನ್ ಮೆಷಿನ್ನಿಗೆ ಬಟ್ಟೆ ತುಂಬುತ್ತಿದ್ದಾಳೆ. ಚೀನಾದ ಹಳೆಯ ತತ್ವಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದವಳು. ಎಲ್ಲ ನನ್ನ ಹಣೆಬರಹ ಎಂದು ಗೊಣಗಿದೆ. ಹಾಗೆಂದರೇನೆಂದು ಕೇಳಿದಳು, ರಾಹುವಿನ ಸಮೇತ ವಿವರಿಸಿದೆ. ಅವಳು ನಗಲಿಲ್ಲ. ತಮ್ಮಲ್ಲೂ ಅದಿದೆ, ಮಿಂಗ್ ಅನ್ನುತ್ತೇವೆ ಎಂದಳು. ನವೆಂಬರಿನ ಕತ್ತಲೆ ಮಿಂಗ್, ಅದನ್ನು ಒಪ್ಪಿಕೊಳ್ಳಬೇಕು. ಆದರೆ ನಾನು ಮೆಟ್ಟಿಲಿಳಿಯದೆ ಕೂತದ್ದನ್ನೂ ಅದರ ತಲೆಗೆ ಕಟ್ಟಬಾರದಂತೆ. ಮಿಂಗ್ ಅಂದರೆ ಅಪ್ಪಣೆ ಎಂದೂ ಅರ್ಥ, ರಾಜನ ಪಟ್ಟವೂ ಆಕಾಶ ಕೊಟ್ಟ ಅಪ್ಪಣೆಯಂತೆ. ಪ್ರಜೆಗಳನ್ನು ನೋಡಿಕೊಳ್ಳದಿದ್ದರೆ ಇನ್ನೊಬ್ಬನ ಪಾಲಾಗುತ್ತದಂತೆ.

"ಹಾಗಾದ್ರೆ ಈಗ ನೀನೇ ಚಕ್ರವರ್ತಿ" ಎಂದೆ, ಸ್ವಲ್ಪ ಉರಿದುಕೊಂಡೇ.

"ಹೌದು. ಅದಕ್ಕೇ ನಿನ್ನ ಶರ್ಟು ನನ್ನ ಜವಾಬ್ದಾರಿ. ಕೊಡು ಇಲ್ಲಿ."

ಶರ್ಟು ಅವಳ ಕೈಗಿಟ್ಟೆ. ಈ ಊರಿನಲ್ಲಿ ಅಷ್ಟು ವರ್ಷಗಳಲ್ಲಿ ಯಾರೂ ನನ್ನದೇನನ್ನೂ ತಮ್ಮ ಜವಾಬ್ದಾರಿ ಅಂದಿರಲಿಲ್ಲ.

ಅವಳ ಸಾಮ್ರಾಜ್ಯದಲ್ಲಿ ಒಂದು ಕೆಂಪು ಶಾಲೂ ಇತ್ತು. ಶರ್ಟು ತಿಳಿಗುಲಾಬಿಯಾಗಿ ಹೊರಬಂತು. ಲಿನ್ ಮುಖ ಹುಳ್ಳಗೆ ಮಾಡಿಕೊಂಡಳು. ನಾನು ಅದನ್ನೇ ಇಸ್ತ್ರಿ ಮಾಡಿ ತೊಟ್ಟು ಹೋದೆ. ಕೆಲಸ ಸಿಕ್ಕಿತು. ರಾಹುಕಾಲ ಕಳೆದ ಮೇಲೆ ಒಗೆದದ್ದರಿಂದ ಎಂದು ಅಮ್ಮ ಇವತ್ತಿಗೂ ಹೇಳುತ್ತಾರೆ. ಲಿನ್ ಮರುವರ್ಷ ತನ್ನ ದೇಶಕ್ಕೆ ಹೊರಟುಹೋದಳು.

ಮೊನ್ನೆ ಹಲಗೆಯಲ್ಲಿ ಬೇರೆ ಮನೆಯ ಬೀಗವಿತ್ತು. ಅರ್ಧ ಗಂಟೆ ಮೀರಿತ್ತು, ಮೆಷಿನ್ ಖಾಲಿ. ಖುಷಿಯಿಂದ ನನ್ನ ಬಟ್ಟೆ ತುರುಕುತ್ತಿದ್ದಾಗ, ಮೂರನೇ ಮಹಡಿಗೆ ಹೊಸದಾಗಿ ಬಂದ ಬೆಂಗಳೂರಿನ ಹುಡುಗಿ ಚೀಲ ಹೊತ್ತು ಏದುಸಿರು ಬಿಡುತ್ತ ಬಂದಳು. "ಲೇಟಾಯ್ತು ಸರ್, ಮಗು ಬಿಡ್ಲಿಲ್ಲ. ನಾಳೆ ಡೇಕೇರ್‌ನಲ್ಲಿ ಅವನಿಗೆ ಫಸ್ಟ್ ಡೇ, ಹಾಕೋಕೆ ಒಂದೂ ಒಗೆದ ಬಟ್ಟೆ ಇಲ್ಲ" ಎಂದಳು.

ಕಾನೂನು ಪೂರ್ತಿ ನನ್ನ ಕಡೆಗಿತ್ತು.

"ಕೊಡಿ ಇಲ್ಲಿ" ಎಂದೆ. "ಕೆಂಪು ಬಟ್ಟೆ ಇದ್ರೆ ಮಾತ್ರ ತೆಗೆದಿಡಿ."