ನಿಂತರೆ ತಣ್ಣಗಾಗುವ ಗಾಡಿ

ಬೂದೆಪ್ಪನಿಗೆ ಕೈ ಹಿಡಿದ ಕೆಲಸ ಎಂದರೆ ಕೋಳಿಮರಿಗಳ ಗಾಡಿ ಓಡಿಸುವುದು ಒಂದೇ. ಅದಕ್ಕೂ ಮೊದಲು ಮಾಡಿದ್ದೆಲ್ಲ ಅರ್ಧಕ್ಕೇ ನಿಂತಿತ್ತು. ಯಾದಗಿರಿ ಕಡೆಯಿಂದ ಹೈದರಾಬಾದಿಗೆ ಬಂದ ಹೊಸದರಲ್ಲಿ ಇಟ್ಟಿಗೆ ಹೊತ್ತ, ಸೊಂಟ ಹಿಡಿಯಿತು. ಹಿಮಾಯತ್‌ನಗರದ ಅಪಾರ್ಟ್‌ಮೆಂಟೊಂದರಲ್ಲಿ ವಾಚ್‌ಮನ್ ಆದ. ಯಾರದೋ ಸೈಕಲ್ಲು ಕಳೆದುಹೋಗಿ ಅಪವಾದ ಅವನ ತಲೆಗೆ ಬಂತು. ಕೋಠಿಯಲ್ಲಿ ಬಟ್ಟೆಯ ಗಂಟು ಸಾಗಿಸುವ ಆಟೊ ಓಡಿಸಿದ. ಮಾಲೀಕ ಆಟೊವನ್ನೇ ಮಾರಿಬಿಟ್ಟ. "ನೀವು ಕಾಲಿಟ್ಟಲ್ಲಿ ಹುಲ್ಲೂ ಚಿಗಿಯಂಗಿಲ್ಲ ನೋಡ್ರಿ" ಎಂದು ಹೆಂಡತಿ ಹುಸೇನಮ್ಮ ನಗುತ್ತಲೇ ಅನ್ನುತ್ತಿದ್ದಳು. ಅವನೂ ನಗುತ್ತಿದ್ದ. ಆದರೆ ಆ ಮಾತು ಅವನೊಳಗೆ ಉಳಿಯುತ್ತಿತ್ತು.

ಸಿಕಂದರಾಬಾದ್ ದಾಟಿ ಉತ್ತರಕ್ಕೆ, ಮನೆಗಳು ಮುಗಿದು ಬಂಡೆಗಳು ಶುರುವಾಗುವ ಕಡೆ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಒಂದು ಹ್ಯಾಚರಿ ಇತ್ತು. ಹುಸೇನಮ್ಮ ಅಲ್ಲಿ ಮರಿಗಳನ್ನು ಎಣಿಸಿ ರಟ್ಟಿನ ಡಬ್ಬಿಗೆ ತುಂಬುವ ಕೆಲಸಕ್ಕಿದ್ದಳು. ಅವಳೇ ಹೇಳಿ ಗಂಡನನ್ನು ಅಲ್ಲಿಗೆ ಸೇರಿಸಿದಳು. ಮೊಟ್ಟೆಯಿಂದ ಬಂದು ಒಂದು ದಿನವಷ್ಟೇ ಆದ ಮರಿಗಳನ್ನು ಅವನು ದೂರದ ಫಾರ್ಮುಗಳಿಗೆ ಮುಟ್ಟಿಸಬೇಕು. ಆ ಮರಿಗಳಿಗೆ ತಮ್ಮ ಮೈಯನ್ನು ತಾವೇ ಬೆಚ್ಚಗಿಟ್ಟುಕೊಳ್ಳುವ ಶಕ್ತಿ ಇನ್ನೂ ಇರುವುದಿಲ್ಲ.

ಈ ಕೆಲಸದಲ್ಲಿ ಬೂದೆಪ್ಪ ಎಲ್ಲರಿಗಿಂತ ಮುಂದಿದ್ದ. ಕಾರಣ ಅವನ ಕಿವಿ. ಬೆನ್ನ ಹಿಂದಿನ ತಗಡಿನ ಗೋಡೆಯಾಚೆ ಮರಿಗಳು ಮೆಲ್ಲಗೆ ಗುಜುಗುಜು ಅಂದರೆ ಸುಖವಾಗಿವೆ. ಕಿರುಚಿದಂತೆ ಒದರಿದರೆ ಚಳಿಯಾಗಿದೆ. ಸದ್ದಡಗಿದರೆ ಬೆಚ್ಚಗಾಗಿ ನಿದ್ದೆಗೆ ಬಿದ್ದಿವೆ. ಉಳಿದ ಡ್ರೈವರುಗಳು ಗಾಡಿ ಹೊರಡುವ ಮುಂಚೆ ಅವನನ್ನು ಕರೆದು, "ಕಾಕಾ, ಒಂದೀಟು ಕೇಳಿ ಹೇಳು" ಅನ್ನುತ್ತಿದ್ದರು. ಅವನು ಬಾಗಿಲಿಗೆ ಕಿವಿ ಹಚ್ಚಿ ನಿಲ್ಲುತ್ತಿದ್ದ. ತನ್ನನ್ನು ಯಾರಾದರೂ ಏನನ್ನಾದರೂ ಕೇಳುತ್ತಾರೆ ಎಂಬುದೇ ಅವನಿಗೆ ಹೊಸದು.

ಅವನ ಗಾಡಿ ಹಳೆಯದು. ಹೈದರಾಬಾದಿನಲ್ಲಿ ಗಾಡಿಯ ಹೀಟರಿನ ನೆನಪು ಯಾರಿಗೂ ಬರುವುದಿಲ್ಲ. ಬೂದೆಪ್ಪನಿಗೆ ಮಾತ್ರ ಚಳಿಗಾಲ ಬಂತೆಂದರೆ ಅದೇ ಜೀವ. ಇಂಜಿನ್ನಿನ ಬಿಸಿನೀರು ಒಂದು ಪೈಪಿನಲ್ಲಿ ಹಿಂದಿನ ಪೆಟ್ಟಿಗೆಗೆ ಹೋಗಿ, ಅಲ್ಲಿರುವ ಸಣ್ಣ ಜಾಲರಿಯೊಳಗೆ ಸುತ್ತಿ, ಇನ್ನೊಂದು ಪೈಪಿನಲ್ಲಿ ವಾಪಸು ಬರುತ್ತದೆ. ಜಾಲರಿಯ ಹಿಂದಿನ ಫ್ಯಾನು ಆ ಬಿಸಿಯನ್ನು ಮರಿಗಳ ಕಡೆಗೆ ಊದುತ್ತದೆ. ಇಷ್ಟೇ ಅದರ ಕಥೆ.

ಈ ಸಲದ ಚಳಿಗಾಲದಲ್ಲಿ ಅದು ಕೈಕೊಟ್ಟಿತು. ಗಾಡಿ ಓಡುವಾಗ ಮರಿಗಳು ಗುಜುಗುಜು ಅನ್ನುತ್ತಿದ್ದವು. ಸಿಗ್ನಲ್ಲಿನಲ್ಲೋ ಟೋಲಿನಲ್ಲೋ ನಿಂತು ಸ್ವಲ್ಪ ಹೊತ್ತಾಗುವಷ್ಟರಲ್ಲಿ ಒದರಲು ಶುರುಮಾಡುತ್ತಿದ್ದವು. ಹೊರಟರೆ ಮತ್ತೆ ಸುಮ್ಮನೆ. ಮೊದಮೊದಲು ಗಾಡಿ ನಿಂತಿದ್ದಕ್ಕೆ ಹೆದರುತ್ತಿರಬೇಕು ಎಂದುಕೊಂಡ. ಒಂದು ದಿನ ಟೋಲಿನ ಸಾಲಿನಲ್ಲಿ ಇಳಿದು ಹಿಂದಿನ ಬಾಗಿಲು ತೆಗೆದು ಫ್ಯಾನಿನ ಮುಂದೆ ಕೈಯಿಟ್ಟ. ಫ್ಯಾನು ಜೋರಾಗಿಯೇ ತಿರುಗುತ್ತಿತ್ತು. ಬರುತ್ತಿದ್ದುದು ಮಾತ್ರ ತಣ್ಣನೆಯ ಗಾಳಿ.

ಆ ವಾರವೇ ಹ್ಯಾಚರಿಯ ಮ್ಯಾನೇಜರ್ ರವಿಶಂಕರ್ ಅವನನ್ನು ಕರೆಸಿದ. ಮೈಸೂರಿನವನು, ಗದರುವ ಮನುಷ್ಯನಲ್ಲ.

"ಬೂದೆಪ್ಪ, ಫಾರ್ಮುಗಳಿಂದ ಕಂಪ್ಲೇಂಟ್ ಬರ್ತಾ ಇದೆ ಕಣಪ್ಪ. ಮರಿ ಚಳಿಗೆ ಮುದುಡಿಕೊಂಡು ಬರ್ತಿವೆ, ಕೆಲವು ಸತ್ತೇ ಬರ್ತಿವೆ ಅಂತ. ಇನ್ನೊಂದು ಲೋಡು ಹೀಗಾದ್ರೆ ನಾನು ನಿನ್ನನ್ನ ಗಾಡಿ ಮೇಲೆ ಇಡೋಕಾಗಲ್ಲ. ಲೋಡಿಂಗಿಗೆ ಹಾಕಬೇಕಾಗುತ್ತೆ."

"ರಿಪೇರಿ ಮಾಡಸ್ತೀನ್ರಿ ಸಾರ್."

"ಮಾಡ್ಸು. ಆದ್ರೆ ಲೋಡು ನಿಲ್ಲಬಾರದು. ಮರಿ ಹುಟ್ಟೋದನ್ನ ನಿಲ್ಲಿಸೋಕಾಗಲ್ವಲ್ಲ."

ಬೂದೆಪ್ಪ ತಲೆಯಾಡಿಸಿ ಹೊರಗೆ ಬಂದ. ಲೋಡಿಂಗ್ ಎಂದರೆ ಮತ್ತೆ ಹೊರುವುದು. ಸೊಂಟದ ನೋವಿಗೆ ಅವನು ಅಷ್ಟು ಹೆದರಲಿಲ್ಲ. ತನ್ನದು ಅಂತ ಇದ್ದ ಒಂದೇ ಒಂದು ಕೆಲಸವೂ ಬಿಟ್ಟುಹೋಗುತ್ತದೆ, ಮತ್ತೆ ಹುಲ್ಲು ಚಿಗುರದ ಕಾಲಿನ ಬೂದೆಪ್ಪನಾಗುತ್ತೇನೆ ಎಂದು ಹೆದರಿದ.

ರಸ್ತೆಬದಿಯ ಮೆಕ್ಯಾನಿಕ್ ಒಬ್ಬ ಫ್ಯಾನಿನ ಮೋಟರು ಬದಲಿಸಿದ. ತಣ್ಣನೆಯ ಗಾಳಿ ಇನ್ನೂ ಜೋರಾಗಿ ಬಂತು. ಹ್ಯಾಚರಿಯ ಹೊಸ ಗಾಡಿ ಓಡಿಸುವ ಚನ್ನು, "ಕಾಕಾ, ನಿನ್ನ ಗಾಡಿಗೂ ನಿನ್ನಂಗ ವಯಸ್ಸಾತು, ಕುಂತ್ರ ಚಳಿ ಹತ್ತತೈತಿ" ಎಂದು ಚೇಷ್ಟೆ ಮಾಡಿದ. ಕೊನೆಗೆ ಬೂದೆಪ್ಪ ರಾಣಿಗಂಜಿನ ಗಲ್ಲಿಯಲ್ಲಿದ್ದ ಸುಬ್ಬಣ್ಣನ ಬಳಿಗೆ ಹೋದ. ಬಳ್ಳಾರಿಯವನಾದ ಸುಬ್ಬಣ್ಣ ಬಹಳ ವರ್ಷಗಳಿಂದ ಅಲ್ಲೇ ಹಳೆಯ ಗಾಡಿಗಳ ಇಂಜಿನ್ ಬಿಚ್ಚಿಕೊಂಡು ಕೂತಿದ್ದ.

ಬೂದೆಪ್ಪ ಹೇಳಿದ್ದನ್ನೆಲ್ಲ ಕೇಳಿ ಸುಬ್ಬಣ್ಣ ಕೈ ಒರೆಸಿಕೊಂಡ. "ಓಡುವಾಗ ಬಿಸಿ, ನಿಂತಾಗ ತಣ್ಣಗ. ಹಂಗಾದ್ರ ಫ್ಯಾನಿಂದಲ್ಲ ಬಿಡು, ನೀರಿಂದು. ನಿಂತಾಗ ಇಂಜಿನ್ ಸಣ್ಣಗ ತಿರಗತೈತಿ, ನೀರು ತಳ್ಳೋ ಪಂಪೂ ಸಣ್ಣಗ ತಿರಗತೈತಿ. ಎಲ್ಲೋ ನೀರು ಮುಂದಕ ಹೋಗವಲ್ದು."

ಇಂಜಿನ್ ಆರಿದ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆದು ನೋಡಿದರು. ನೀರು ತುಂಬಿತ್ತು. ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರಬಹುದೆಂದು ಗಾಡಿಯ ಮೂತಿಯನ್ನು ಎತ್ತರಕ್ಕೆ ನಿಲ್ಲಿಸಿ, ಮುಚ್ಚಳ ತೆಗೆದಿಟ್ಟು ಇಂಜಿನ್ ಓಡಿಸಿದರು. ಒಂದು ಗುಳ್ಳೆಯೂ ಬರಲಿಲ್ಲ. ಇಂಜಿನ್ ಚೆನ್ನಾಗಿ ಕಾದ ಮೇಲೆ ಸುಬ್ಬಣ್ಣ ಹೀಟರಿನ ಎರಡು ಪೈಪುಗಳನ್ನು ತೋರಿಸಿ, "ಮುಟ್ಟಿ ನೋಡು" ಅಂದ.

ಹಿಂದಕ್ಕೆ ಹೋಗುವ ಪೈಪು ಸುಡುತ್ತಿತ್ತು. ವಾಪಸು ಬರುವ ಪೈಪು ತಣ್ಣಗಿತ್ತು. ಸುಬ್ಬಣ್ಣ ಹೋಗಿ ಎಕ್ಸಲರೇಟರ್ ಒತ್ತಿದ. ಆಗ ತಣ್ಣನೆಯ ಪೈಪು ಬೂದೆಪ್ಪನ ಬೆರಳಿನ ಕೆಳಗೆ ಮೆಲ್ಲಗೆ ಉಗುರುಬೆಚ್ಚಗಾಯಿತು. ಕಾಲು ತೆಗೆಯುತ್ತಲೇ ಮತ್ತೆ ಆರಿತು.

ಪೈಪು ಬಿಚ್ಚಿದಾಗ ಬಿಳಿಯ ಹಕ್ಕಳೆಗಳು ಉದುರಿದವು, ತಳಹಿಡಿದ ಪಾತ್ರೆಯಿಂದ ಕೆರೆದ ಹಾಗೆ. ಪಂಪು ಬಿಚ್ಚಿದಾಗ ಅದರ ರೆಕ್ಕೆಗಳು ಇಲಿ ತಿಂದ ರೊಟ್ಟಿಯಂತೆ ಸವೆದಿದ್ದವು.

"ಇದಕ್ಕ ಎಂಥಾ ನೀರು ಹಾಕ್ತಿದ್ದಿ?" ಸುಬ್ಬಣ್ಣ ಕೇಳಿದ.

"ಛಲೋ ನೀರ ಹಾಕೀನಿ. ಹ್ಯಾಚರಿ ಬೋರಿನ ನೀರು. ಮಾನವಮಿಗೆ ಗಾಡಿ ಪೂಜಾ ಮಾಡ್ತೀವಲ್ಲ, ಆಗ ಪ್ರತಿ ವರ್ಷ ಒಳಗಿನ ಹಳೇದೆಲ್ಲ ಬಿಟ್ಟು ಹೊಸ ನೀರು ತುಂಬತೀನಿ. ಹೊರಗ ಒಂದ ತೊಳದ್ರ ಸಾಕಾಗತೈತೇನು? ಒಳಗೂ ಮಡಿ ಆಗಬೇಕು."

"ಒಳಗ ಹಸರು ನೀರು ಇರಲಿಲ್ಲೇನು?"

"ಇತ್ತು. ಪಾಚಿ ಕಟ್ಟೇತಿ ಅಂತ ಚೆಲ್ಲಿದೆ."

ಸುಬ್ಬಣ್ಣ ನಗಲಿಲ್ಲ. ಪಂಪನ್ನು ಪಕ್ಕಕ್ಕಿಟ್ಟ. "ಅದು ಪಾಚಿ ಅಲ್ಲೋ ಮಾರಾಯ. ತುಕ್ಕು ಹಿಡೀಬಾರ್ದು ಅಂತ ಹಾಕೋ ಔಷಧ. ನಿಮ್ಮ ಬೋರಿನ ನೀರು ಕುದ್ರ ಸುಣ್ಣ ಆಗತೈತಿ. ಪಂಪು ಇವತ್ತ ಹಾಕಿಕೊಡ್ತೀನಿ. ಹಿಂದಿನ ಜಾಲರಿ ಅರ್ಧಕ್ಕರ್ಧ ಕಟ್ಟೇತಿ, ಆಸಿಡ್ ಹಾಕಿ ತೊಳದ್ರ ತೂತು ಬೀಳತೈತಿ. ಬ್ಯಾರೇದು ಹುಡುಕಬೇಕು, ವಾರ ಹಿಡೀತೈತಿ. ಅಲ್ಲೀತನಕ ಲೋಡು ಹಾಕಿಕೊಂಡು ಎಲ್ಲೂ ನಿಲ್ಲಬ್ಯಾಡ."

ಬೂದೆಪ್ಪ ಆ ಹಕ್ಕಳೆಗಳನ್ನು ಅಂಗೈಯಲ್ಲಿ ಹಿಡಿದು ನೋಡಿದ. ರೋಗ ಸಿಕ್ಕಿತ್ತು. ಅದನ್ನು ತುಂಬಿದ ಕೈ ತನ್ನದೇ ಆಗಿತ್ತು.

ಮನೆಗೆ ಹೋಗಿ ಹೇಳಿದಾಗ ಹುಸೇನಮ್ಮ ಏನಾದರೂ ಚುಚ್ಚುತ್ತಾಳೆಂದು ಕಾದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಮಾನವಮಿಗೆ ಆ ನೀರಿನ ಕೊಡ ತುಂಬಿ ತಂದುಕೊಟ್ಟಾಕಿ ನಾನಲ್ಲೇನ್ರಿ. ಕೊಡಕ್ಕ ಅರಿಶಿಣ ಬ್ಯಾರೆ ಹಚ್ಚಿದ್ದೆ" ಅಂದಳು.

ಮರುದಿನದ ಲೋಡು ಜಹೀರಾಬಾದ್ ಕಡೆಯ ಶಾರದಾಬಾಯಿಯ ಫಾರ್ಮಿಗಿತ್ತು. ಈ ಲೋಡನ್ನು ಚನ್ನುವಿನ ಹೊಸ ಗಾಡಿಗೆ ಹಾಕಿರೆಂದು ಬೂದೆಪ್ಪ ರವಿಶಂಕರನನ್ನು ಬೇಡಿಕೊಂಡ. ಚನ್ನು ಆಗಲೇ ನಿಜಾಮಾಬಾದಿಗೆ ಹೊರಟಿದ್ದ. "ಪಂಪು ಹೊಸದಾಯ್ತಲ್ಲಪ್ಪ, ಹೋಗಿ ಬಾ" ಎಂದು ರವಿಶಂಕರ್ ಧೈರ್ಯ ಹೇಳಿದ. ಬೆಳಗಿನ ಮಂಜಿನಲ್ಲಿ ಹುಸೇನಮ್ಮ ತಾನೇ ಡಬ್ಬಿಗಳನ್ನು ಒಂದೊಂದಾಗಿ ಎತ್ತಿಕೊಟ್ಟಳು. "ಎಲ್ಲೂ ನಿಲ್ಲಬ್ಯಾಡ್ರಿ, ಚಾ ಕುಡಿಯಾಕೂ ನಿಲ್ಲಬ್ಯಾಡ್ರಿ" ಅಂದಳು.

ಹೊರವರ್ತುಲ ರಸ್ತೆಯಲ್ಲಿ ಗಾಡಿ ಎಲ್ಲೂ ನಿಲ್ಲದೆ ಓಡಿತು. ಬೆನ್ನ ಹಿಂದೆ ಗುಜುಗುಜು. ಸಂಗಾರೆಡ್ಡಿ ದಾಟುವವರೆಗೂ ಅವನಿಗೆ ಒಂದು ಸಣ್ಣ ಆಸೆ ಇತ್ತು. ಅಲ್ಲಿಂದ ಮುಂದೆ ಕೆಂಪು ದೀಪಗಳು ಕಂಡವು. ಲಾರಿಯೊಂದು ಮಗುಚಿ ಹೆದ್ದಾರಿಗೆ ಅಡ್ಡ ಬಿದ್ದಿತ್ತು. ಮುಂದೆ ಗಾಡಿಗಳು ನಿಂತಿದ್ದವು. ಹಿಂದೆಯೂ ಬಂದು ನಿಂತವು. ತಿರುಗಲು ಜಾಗವಿರಲಿಲ್ಲ.

ಮರಿಗಳು ಒದರಲು ಶುರುಮಾಡಿದವು. ಅವನು ಗೇರು ಬಿಟ್ಟು ಎಕ್ಸಲರೇಟರ್ ಒತ್ತಿ ಹಿಡಿದ. ಸ್ವಲ್ಪ ಹೊತ್ತಿಗೆ ಒದರುವುದು ತಗ್ಗಿತು. ಆದರೆ ಆ ಸುಣ್ಣ ಮುಂದಿನ ರೇಡಿಯೇಟರಿನಲ್ಲೂ ಕಟ್ಟಿತ್ತು. ನಿಂತಲ್ಲೇ ಇಂಜಿನ್ ಕೂಗಿಸಿದ್ದಕ್ಕೆ ಬಿಸಿಯ ಮುಳ್ಳು ಕೆಂಪಿನ ಕಡೆಗೆ ಏರಿತು. ಇಂಜಿನ್ ಸುಟ್ಟರೆ ಎಲ್ಲವೂ ಮುಗಿಯಿತು. ಕಾಲು ತೆಗೆದ. ಮರಿಗಳು ಮತ್ತೆ ಒದರಿದವು. ಒತ್ತಿದ, ಮುಳ್ಳು ಏರಿತು. ಬಿಟ್ಟ, ಒದರಿದವು. ಒತ್ತಿ ಬಿಟ್ಟು, ಒತ್ತಿ ಬಿಟ್ಟು ಅವನ ಕಾಲು ಸೋತಿತು. ಆ ಧ್ವನಿ ತಗಡಿನೊಳಗಿಂದ ಬರುತ್ತಿದೆಯೋ ತನ್ನ ತಲೆಯೊಳಗಿಂದಲೋ ತಿಳಿಯದಾಯಿತು.

ಕೆಳಗಿಳಿದ. ಬಯಲಿನ ಗಾಳಿ ಮುಖಕ್ಕೆ ರಾಚಿತು. ಪೆಟ್ಟಿಗೆಯ ಎರಡೂ ಬದಿಯ ಕಿಂಡಿಗಳಿಂದ ಅದೇ ಗಾಳಿ ಒಳಗೆ ನುಗ್ಗುತ್ತಿತ್ತು. ಅವನು ಸೀಟಿನ ಹಿಂದಿದ್ದ ಗೋಣಿಚೀಲಗಳನ್ನು ತಂದು ಒಂದು ಬದಿಯ ಕಿಂಡಿಗಳಿಗೆ ತುರುಕಿದ. ಇನ್ನೊಂದು ಬದಿಗೆ ತಾನು ಹೊದ್ದಿದ್ದ ಕಂಬಳಿಯನ್ನೇ ತೆಗೆದು ಬಿಗಿಯಾಗಿ ಕಟ್ಟಿದ. ಎಲ್ಲಿಯೂ ಸಂದು ಉಳಿಯದಂತೆ ಬೆರಳಿನಿಂದ ಒತ್ತಿ ಒತ್ತಿ ನೋಡಿದ.

ಒದರುವುದು ಸಣ್ಣದಾಗುತ್ತ ಬಂತು. ಆಮೇಲೆ ಗುಜುಗುಜು. ಆಮೇಲೆ ಅದೂ ನಿಂತಿತು.

ಬೂದೆಪ್ಪ ತಗಡಿಗೆ ಕಿವಿಯಿಟ್ಟು ಕೇಳಿದ. ಎಷ್ಟೋ ದಿನಗಳಿಂದ ಬಿಗಿದುಕೊಂಡಿದ್ದ ಅವನ ಭುಜಗಳು ಸಡಿಲವಾದವು. ಬರೀ ಅಂಗಿಯಲ್ಲಿ ಗಡಗಡ ನಡುಗುತ್ತ ಗಾಡಿಗೆ ಒರಗಿ ನಿಂತ. ಪಕ್ಕದ ಲಾರಿಯ ಡ್ರೈವರು ಕಿಟಕಿಯಿಂದ ತಲೆ ಹಾಕಿ, ಒಳಗೇನಿದೆ ಎಂಬಂತೆ ಪೆಟ್ಟಿಗೆ ತೋರಿಸಿ, "ಅಂದರ್ ಕ್ಯಾ ಹೈ ಭಾಯ್?" ಎಂದು ಕೇಳಿದ.

"ಬಚ್ಚೇ ಹೈಂ" ಅಂದ ಬೂದೆಪ್ಪ. "ಸೋ ಗಯೇ." ಮರಿಗಳು, ಮಲಗಿಬಿಟ್ಟಿವೆ ಎಂದು.

ದಾರಿ ತೆರವಾದಾಗ ಬಿಸಿಲು ಬಂದಿತ್ತು. ಎದ್ದರೆ ಮತ್ತೆ ಒದರುತ್ತವೆಂದು ಅವನು ಕಂಬಳಿ ತೆಗೆಯಲಿಲ್ಲ. ಗುಂಡಿಗಳಲ್ಲಿ ಮೆಲ್ಲಗೆ ಇಳಿಸಿ ಮೆಲ್ಲಗೆ ಹತ್ತಿಸಿದ.

ಶಾರದಾಬಾಯಿ ಮರಿಗಳಿಗಾಗಿ ಕಾವಿನ ದೀಪ ಹಚ್ಚಿ, ನೀರು ಇಟ್ಟು, ಹೊಟ್ಟು ಹರವಿ ಕಾಯುತ್ತಿದ್ದಳು. ಬಾಗಿಲು ತೆಗೆದಾಗ ಒಳಗಿಂದ ಬಿಸಿಯಾದ, ಮುಗ್ಗಿದ ಗಾಳಿ ಹೊರಬಿತ್ತು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಬೂದೆಪ್ಪಣ್ಣ, ಕಿಂಡಿ ಯಾಕ ಮುಚ್ಚೀರಿ?"

"ಥಂಡಿ ಹತ್ತಾಕತ್ತಿತ್ತು ಬಾಯಾರ."

ಅವಳು ಮೇಲಿನ ಡಬ್ಬಿ ಇಳಿಸಿದಳು. ಅದರಲ್ಲಿ ಕೆಲವು ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ನಡುವಿನ ಡಬ್ಬಿಗಳಲ್ಲಿ ಏನೂ ಅಲುಗಾಡಲಿಲ್ಲ. ಶಾರದಾಬಾಯಿ ಜೀವವಿದ್ದವನ್ನು ಒಂದೊಂದಾಗಿ ಆರಿಸಿ, ಕೊಕ್ಕನ್ನು ನೀರಿಗೆ ಅದ್ದಿ ಗಾಳಿಗೆ ಬಿಡುತ್ತ ಹೋದಳು. ಬೂದೆಪ್ಪ ನಡುವಿನ ಡಬ್ಬಿಯೊಂದರೊಳಗೆ ಕೈಯಿಟ್ಟ. ಮರಿಗಳು ಇನ್ನೂ ಬೆಚ್ಚಗಿದ್ದವು. ಇಡೀ ಚಳಿಗಾಲದಲ್ಲಿ ಅವನ ಗಾಡಿಯಿಂದ ಇಷ್ಟು ಬೆಚ್ಚಗಿನ ಮರಿಗಳು ಇಳಿದಿರಲಿಲ್ಲ.

"ಉಸಿರು ಕಟ್ಟೇತಿ" ಅಂದಳು ಶಾರದಾಬಾಯಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಆಫೀಸಿಗೆ ನಾ ಹೇಳಲೇನು, ನೀವ ಹೇಳ್ತೀರೋ?"

"ನಾನ ಹೇಳ್ತೀನ್ರಿ."

ಫೋನಿನಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಸುಣ್ಣ, ಲಾರಿ, ಕಂಬಳಿ ಎಲ್ಲವನ್ನೂ ಹೇಳಿದ. ರವಿಶಂಕರ್ ಕೊನೆಯವರೆಗೂ ಕೇಳಿದ. ಆಮೇಲೆ, "ಆಯ್ತು, ಗಾಡಿ ತಂದು ನಿಲ್ಲಿಸು" ಅಂದ. ಬೈದಿದ್ದರೆ ಬೂದೆಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು.

ಹಳೆಯ ಗಾಡಿಯನ್ನು ಗುಜರಿಯವರು ಎಳೆದುಕೊಂಡು ಹೋದರು. ಸುಬ್ಬಣ್ಣ ಜಾಲರಿ ಸಿಕ್ಕಿತೆಂದು ಫೋನು ಮಾಡಿದಾಗ ಅದನ್ನು ಹಾಕಲು ಗಾಡಿಯೇ ಇರಲಿಲ್ಲ. ಬೂದೆಪ್ಪ ಈಗ ಲೋಡಿಂಗಿನಲ್ಲಿದ್ದಾನೆ. ಹುಸೇನಮ್ಮ ತುಂಬಿದ ಡಬ್ಬಿಗಳನ್ನು ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು ಚನ್ನುವಿನ ಗಾಡಿಗೆ ಏರಿಸುತ್ತಾನೆ. ಹುಲ್ಲು ಚಿಗುರುವ ಮಾತನ್ನು ಅವಳು ಮತ್ತೆ ಆಡಿಲ್ಲ. ಇಬ್ಬರೂ ಒಂದೇ ಕಡೆ ಕೆಲಸ ಮಾಡುತ್ತಾರೆ, ಒಟ್ಟಿಗೆ ಮನೆಗೆ ನಡೆಯುತ್ತಾರೆ.

ಮೊನ್ನೆ ಲೋಡಾದ ಮೇಲೆ ಚನ್ನು ಹಳೆಯ ರೂಢಿಯಂತೆ ಕರೆದ. ಅವನ ಮಾತಿನಲ್ಲಿ ಚೇಷ್ಟೆಯಿರಲಿಲ್ಲ.

"ಕಾಕಾ, ಹೊಂಡತೀನಿ. ಹೆಂಗದಾವ, ಒಂದೀಟು ಕೇಳಿ ಹೇಳು."

ಬೂದೆಪ್ಪ ಬಾಗಿಲಿನ ಹತ್ತಿರ ಹೋದ. ಒಳಗೆ ಮರಿಗಳು ಮೆಲ್ಲಗೆ ಏನೋ ಅನ್ನುತ್ತಿದ್ದವು. ಅವನು ತಗಡಿಗೆ ಕಿವಿ ಹಚ್ಚಿ ಕೇಳಿದ. ಅದು ಸುಖದ ಸದ್ದೋ, ಕೂಗುವ ತ್ರಾಣ ಮುಗಿದವುಗಳ ಸದ್ದೋ, ಅವನಿಗೆ ಹೇಳಲಾಗಲಿಲ್ಲ.

"ನನಗ ತಿಳಿಯಂಗಿಲ್ಲಪಾ" ಅಂದ. "ನೀನ ಬಾಗಲಾ ತೆಗದು ಕಣ್ಣಿಂದ ನೋಡ್ಕೊ."

ಚನ್ನು ಬಾಗಿಲು ತೆಗೆದು ನೋಡುವ ಹೊತ್ತಿಗೆ ಬೂದೆಪ್ಪ ಮುಂದಿನ ಡಬ್ಬಿಗಳನ್ನು ತರಲು ಒಳಗೆ ಹೋಗಿದ್ದ.